ದಕ್ಷಿಣ ಏಷ್ಯಾ ಕ್ರೀಡಾಕೂಟದ ಹಾಕಿ ಕೊಡಗಿಗೆ ಬಂದರೆ ನಮ್ಮಲ್ಲಿ ಏನೇನು ಸಾಲದು?

ಬಾಳೆಲೆ ಕಡೆಯವ:
ದಕ್ಷಿಣ ಏಷ್ಯಾ ಕ್ರೀಡಾಕೂಟ ಮತ್ತೆ ಭಾರತದ ಸರದಿಗೆ ಬಂದು, ಕರ್ನಾಟಕ ಕೇಳಿಕೊಂಡರೆ, ಹಾಕಿಯನ್ನು ಕೊಡಗಿನಲ್ಲೇ ಆಡಿಸಿ ಎಂದು ನಮ್ಮ ಕ್ಲಬ್ಬಿನಿಂದ ಮನವಿ ಸಿದ್ಧವಾಗುತ್ತಿದೆ. ಕೂಡಿಗೆ, ಪೊನ್ನಂಪೇಟೆ, ಮಡಿಕೇರಿ ಮೂರೂ ಕಡೆ ಟರ್ಫ್ (ಕೃತಕ ಹುಲ್ಲಿನ ಅಂಕಣ) ಇದೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಈಗ ಮುನ್ನೂರು ತಂಡ ದಾಟಿದೆ. ಅಷ್ಟನ್ನು ನಿಭಾಯಿಸಿದವರಿಗೆ ನೆರೆ ದೇಶಗಳ ಏಳೆಂಟು ತಂಡ ಯಾವ ಲೆಕ್ಕ ಅನ್ನುವುದು ನಮ್ಮವರ ವಾದ. ನನಗೇಕೋ ಅನುಮಾನ. ಯಾವ ಊರು, ಯಾವ ತಿಂಗಳು, ಎಷ್ಟು ರೂಮು, ಎಷ್ಟು ನೀರು? ಬಲ್ಲವರು ಲೆಕ್ಕ ಹಾಕಿ ಹೇಳಿ. ಹೊಗಳಿಕೆ ಬೇಡ.

ಎರಡನೇ ಅಂಪೈರ್:
ಮೊದಲು ಮನವಿಯ ವಿಳಾಸ ಸರಿಮಾಡಿ. ಜಿಲ್ಲೆಯಾಗಲಿ ರಾಜ್ಯವಾಗಲಿ ಈ ಕೂಟವನ್ನು ನೇರವಾಗಿ ಕೇಳುವ ಹಾಗಿಲ್ಲ. ಆತಿಥ್ಯ ಸಿಗುವುದು ಒಂದು ದೇಶದ ಒಲಿಂಪಿಕ್ ಸಂಸ್ಥೆಗೆ. ನಮ್ಮಲ್ಲಿ ಅದು ಭಾರತೀಯ ಒಲಿಂಪಿಕ್ ಸಂಸ್ಥೆ. ಆಮೇಲೆ ಕೇಂದ್ರದ ಕ್ರೀಡೆ, ವಿದೇಶಾಂಗ, ಗೃಹ ಇಲಾಖೆಗಳ ಒಪ್ಪಿಗೆ. ಭಾರತ ಇದುವರೆಗೆ ಮೂರು ಸಲ ನಡೆಸಿದೆ: 1987 ಕಲ್ಕತ್ತ, 1995 ಮದ್ರಾಸ್, 2016 ಗುವಾಹಟಿ ಮತ್ತು ಶಿಲ್ಲಾಂಗ್. 14ನೆಯದು ಪಾಕಿಸ್ತಾನದ ಪಾಲಿಗೆ ಹೋಗಿ ಹಲವು ಸಲ ಮುಂದೂಡಲ್ಪಟ್ಟಿದೆ. ಹಾಗಾಗಿ ಅವಸರವೇನೂ ಇಲ್ಲ, ಲೆಕ್ಕ ಗಟ್ಟಿ ಮಾಡಿಕೊಳ್ಳಿ.

ನಿಮಗೆ ಬೇಕಾದ ಮಾದರಿ 2016ರದ್ದು. 23 ಕ್ರೀಡೆಗಳನ್ನು ಬಯಲಿನ ದೊಡ್ಡ ಊರಿಗೂ, ಸುಮಾರು ನೂರು ಕಿ.ಮೀ. ದೂರದ ಗುಡ್ಡದ ಊರಿಗೂ ಹಂಚಿದ್ದರು. ಮೈಸೂರನ್ನು ಗುವಾಹಟಿ, ಕೊಡಗನ್ನು ಶಿಲ್ಲಾಂಗ್ ಅಂತ ಇಟ್ಟುಕೊಂಡು ಬರೆದರೆ ಓದುವವರಿಗೆ ತಕ್ಷಣ ಅರ್ಥವಾಗುತ್ತದೆ.

ಆಗ ಹಾಕಿಗೆ ಬಂದದ್ದು ಪುರುಷರ ನಾಲ್ಕು ತಂಡ, ಮಹಿಳೆಯರ ಮೂರು. ಅಷ್ಟೇ ಬಂದರೂ ತಂಡಕ್ಕೆ 18 ಆಟಗಾರರು, ಐದಾರು ಸಿಬ್ಬಂದಿ, ಜತೆಗೆ ಅಂಪೈರ್, ತಾಂತ್ರಿಕ ಅಧಿಕಾರಿಗಳು ಸೇರಿ ಇನ್ನೂರು ಜನ. ಎಲ್ಲರೂ ಎಲ್ಲರೊಂದಿಗೆ ಆಡಿ, ಪುರುಷರಲ್ಲಿ ಕಂಚಿಗೊಂದು ಪಂದ್ಯ, ಎರಡೂ ಕಡೆ ಫೈನಲ್ ಅಂದರೆ ಒಟ್ಟು 12 ಪಂದ್ಯ. ದಿನಕ್ಕೆ ಎರಡರಂತೆ, ನಡುವೆ ಬಿಡುವು ಸೇರಿ ಎಂಟು ದಿನ.

ಕೌಟುಂಬಿಕ ಹಾಕಿಯ ಹೋಲಿಕೆಯನ್ನು ಮಾತ್ರ ತೆಗೆದುಹಾಕಿ. ಅದು ಮಣ್ಣಿನ ಮೈದಾನದ ಆಟ. ಸಂಜೆಯಾದರೆ ತಂಡ ಮನೆಗೋ ನೆಂಟರ ಮನೆಗೋ ಹೋಗುತ್ತದೆ. ವೀಸಾ ಇಲ್ಲ, ಡೋಪ್ ಪರೀಕ್ಷೆ ಇಲ್ಲ. ಗ್ಯಾಲರಿ ಕಟ್ಟುವುದು, ಜನ ಸೇರಿಸುವುದು, ವಾಹನ ನಿಲ್ಲಿಸುವುದು, ಈ ಮೂರರಲ್ಲಿ ಆ ಅನುಭವ ಚಿನ್ನ. ಉಳಿದದ್ದಕ್ಕೆ ಬರುವುದಿಲ್ಲ.

ತಿಂಗಳು ಫೆಬ್ರವರಿ. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲದ ಮಾತೇ ಬೇಡ. ಪಂದ್ಯ 2 ಗಂಟೆಗೊಂದು, 4 ಗಂಟೆಗೊಂದು. 15 ನಿಮಿಷದ ನಾಲ್ಕು ಕ್ವಾರ್ಟರ್, ಬಿಡುವು, ಪೆನಾಲ್ಟಿ ಕಾರ್ನರ್‌ಗೆ ಗಡಿಯಾರ ನಿಲ್ಲಿಸುವುದು ಎಲ್ಲ ಸೇರಿ ತೊಂಬತ್ತು ನಿಮಿಷ. ಎರಡನೆಯದು ಐದೂವರೆಗೆ ಮುಗಿಯುತ್ತದೆ, ಶೂಟೌಟ್ ಆದರೂ ಬೆಳಕಿರುತ್ತದೆ. ಫ್ಲಡ್‌ಲೈಟ್ ಖರ್ಚು ಉಳಿಯಿತು. ಬೆಳಿಗ್ಗೆ ಪಂದ್ಯ ಇಡಬೇಡಿ, ಮಂಜು ಯಾವಾಗ ಏಳುತ್ತದೋ ಯಾರೂ ಹೇಳಲಾರರು.

ಸ್ಪ್ರಿಂಕ್ಲರ್ ಪೈಪು:
ಮೇಲಿನವರು ಫೆಬ್ರವರಿ ಅಂದರು. ಸರಿ, ಆದರೆ ಅದೇ ಹೊತ್ತಿಗೆ ರೋಬಸ್ಟಾ ತೋಟದವರೆಲ್ಲ ಹೂವಿಗೆ ನೀರು ಹಾಯಿಸುತ್ತಿರುತ್ತಾರೆ. ಕೆರೆ, ತೋಡು, ಹೊಳೆ ಎಲ್ಲೆಲ್ಲೂ ಪಂಪು. ಆ ವರ್ಷ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬೇಗ ಬಂದರೆ ಪುಣ್ಯ, ಬಾರದಿದ್ದರೆ ಟರ್ಫಿಗೂ ತೋಟಕ್ಕೂ ಜಗಳ. ಈಗ ಲೆಕ್ಕ ನೋಡಿ.

ಆಟದ ಅಂಕಣ 91.4 × 55 ಮೀಟರ್. ಸುತ್ತ ಓಡಲು ಬಿಡುವ ಜಾಗ ಸೇರಿ ಸುಮಾರು 101 × 63. ನೀರು ಹಾಯಿಸಿ ಆಡುವ ಟರ್ಫಿಗೆ ಒಂದು ಸಲಕ್ಕೆ 3 ಮಿ.ಮೀ. ಹಿಡಿದರೆ 19,000 ಲೀಟರ್. ಮಧ್ಯಂತರದಲ್ಲಿ ಇನ್ನೊಂದು 7,000. ಎರಡು ಪಂದ್ಯಕ್ಕೆ 52,000. ಏಳು ತಂಡಗಳ ಅಭ್ಯಾಸಕ್ಕೆ ಮೂವತ್ತು ನಲವತ್ತು ಸಾವಿರ ಸೇರಿಸಿದರೆ ದಿನಕ್ಕೆ ತೊಂಬತ್ತು ಸಾವಿರದ ಆಸುಪಾಸು.

ನೀರು ಇದ್ದರಷ್ಟೇ ಸಾಲದು, ಬೇಗ ಬೀಳಬೇಕು. ಪಂದ್ಯಕ್ಕೆ ಮುಂಚೆ ಹತ್ತು ನಿಮಿಷದಲ್ಲಿ ಮುಗಿಸಬೇಕೆಂದರೆ ನಿಮಿಷಕ್ಕೆ 1,900 ಲೀಟರ್. 8 ಬಾರ್ ಒತ್ತಡದಲ್ಲಿ ಅಷ್ಟು ಎತ್ತಲು ಸುಮಾರು 50 ಎಚ್‌ಪಿ ಪಂಪು ಬೇಕು. ತೋಟದ ಸಣ್ಣ ಪಂಪ್‌ಸೆಟ್‌ಗಳನ್ನು ಸಾಲಾಗಿ ಜೋಡಿಸಿ ನಡೆಸೋಣ ಅಂದುಕೊಳ್ಳಬೇಡಿ. ಒತ್ತಡ ಸಾಲದೆ ಗನ್ನಿನ (ನೀರು ಚಿಮ್ಮುವ ದೊಡ್ಡ ಸ್ಪ್ರಿಂಕ್ಲರ್) ನೀರು ಅಂಕಣದ ನಡುವಿಗೆ ತಲುಪುವುದಿಲ್ಲ, ಅಂಚು ಕೆರೆಯಾಗುತ್ತದೆ, ನಡು ಒಣಗಿರುತ್ತದೆ. ಒಣ ಜಾಗಕ್ಕೆ ಬಂದ ಚೆಂಡು ತಡವರಿಸಿ ಪುಟಿಯುತ್ತದೆ, ಬಿದ್ದವರ ಮೊಣಕಾಲು ಸುಲಿಯುತ್ತದೆ. ವೋಲ್ಟೇಜ್ ಇಳಿದರೆ ಮೋಟಾರು ಸ್ಟಾರ್ಟೇ ಆಗುವುದಿಲ್ಲ. ಹಾಗಾಗಿ ಪಂಪಿಗೇ ಪ್ರತ್ಯೇಕ 125 ಕೆವಿಎ ಜನರೇಟರ್ ಮತ್ತು ಮೋಟಾರನ್ನು ಮೆಲ್ಲಗೆ ಶುರು ಮಾಡುವ ಸಾಫ್ಟ್ ಸ್ಟಾರ್ಟರ್ ಬರೆದುಕೊಳ್ಳಿ.

ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಗನ್ನಿನ ಬಾಯಿ ಕಟ್ಟುತ್ತದೆ, ಟರ್ಫು ಕಂದು ಹಿಡಿಯುತ್ತದೆ. ಮೊದಲೇ ಪರೀಕ್ಷೆ ಮಾಡಿಸಿ ಫಿಲ್ಟರ್ ಹಾಕಿ. ಇನ್ನು ನಮ್ಮ ಮಳೆಗಾಲ ಮುಗಿದ ಮೇಲೆ ಯಾವ ಟರ್ಫು ನೋಡಿದರೂ ನೆರಳು ಬೀಳುವ ಮೂಲೆಯಲ್ಲಿ ಪಾಚಿ ಕಪ್ಪಗೆ ಕೂತಿರುತ್ತದೆ. ನವೆಂಬರ್‌ನಲ್ಲೇ ಪಾಚಿನಾಶಕ ಹಾಕಿ, ಬ್ರಷ್ ಹೊಡೆಸಿ, ಮರದ ಕೊಂಬೆ ಕಡಿಸಿ. ಎಫ್‌ಐಎಚ್ (ಅಂತರರಾಷ್ಟ್ರೀಯ ಹಾಕಿ ಒಕ್ಕೂಟ) ಮಾನ್ಯತೆಯ ಪ್ರಯೋಗಾಲಯದವರು ಬಂದು ಚೆಂಡಿನ ಉರುಳು, ಪುಟಿತ, ಅಂಕಣದ ಮೆತುತನ ಅಳೆಯುವುದು ಅದಾದ ಮೇಲೆಯೇ ಇರಲಿ.

ಬಾಳೆಲೆ ಕಡೆಯವ:
ಇಷ್ಟು ನೀರು ಅಂತ ಗೊತ್ತಿರಲಿಲ್ಲ ಅಣ್ಣಾ. ಟ್ಯಾಂಕರ್‌ನಲ್ಲಿ ತರಿಸಿದರೆ? ರೂಮು ಸಾಲದಿದ್ದರೆ ಹೋಂಸ್ಟೇಗಳಲ್ಲಿ ಹಂಚಬಹುದಾ?

ಸ್ಪ್ರಿಂಕ್ಲರ್ ಪೈಪು:
ಟ್ಯಾಂಕರಿನಿಂದ ನೇರ ಗನ್ನಿಗೆ ಆಗದು. ಮೈದಾನದ ಪಕ್ಕ 60,000 ಲೀಟರಿನ ತೊಟ್ಟಿ ಇರಲಿ. 12,000 ಲೀಟರಿನ ಟ್ಯಾಂಕರ್ ಆದರೆ ಎರಡು ಪಂದ್ಯಕ್ಕೇ ಐದು ಲೋಡು, ಎಲ್ಲವೂ ಮಧ್ಯಾಹ್ನದೊಳಗೆ ಇಳಿಯಬೇಕು.

ಹಾರಂಗಿ ದಂಡೆ:
ಹೋಂಸ್ಟೇ ಬೇಡ. ಇನ್ನೂರು ಜನರನ್ನು ನಲವತ್ತು ಮನೆಗೆ ಹಂಚಿದರೆ ಬಸ್ಸಿಗೆ ನಲವತ್ತು ಸ್ಟಾಪ್, ಪೊಲೀಸರಿಗೆ ನಲವತ್ತು ಬಾಗಿಲು. ವಿದೇಶಿಯರನ್ನು ಉಳಿಸಿಕೊಂಡ ಪ್ರತಿಯೊಬ್ಬರೂ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಅವರ ವಿವರದ ಫಾರ್ಮ್ ತುಂಬಬೇಕು. ಒಂದು ಮನೆಯವರು ಮರೆತರೂ ತೊಂದರೆ ಇಡೀ ಸಮಿತಿಗೆ. ಎರಡು ಅಥವಾ ಮೂರು ದೊಡ್ಡ ಹೋಟೆಲ್, ಇಬ್ಬರಿಗೊಂದರಂತೆ ನೂರು, ನೂರಹತ್ತು ರೂಮು. ಅಷ್ಟೇ.

ಪಾಕಿಸ್ತಾನದವರ ವೀಸಾ ಊರಿಗೆ ಸೀಮಿತ. ಇಳಿಯುವ ಬೆಂಗಳೂರು, ಆಡುವ ಕೊಡಗು, ಸಮಾರೋಪದ ಮೈಸೂರು ಎಲ್ಲವನ್ನೂ ಅರ್ಜಿಯಲ್ಲೇ ಬರೆಸಿ. ಕಣ್ಣೂರು ವಿಮಾನ ನಿಲ್ದಾಣ ಹತ್ತಿರ ಅಂತ ನಂಬಿ ಕೂರಬೇಡಿ, ಅಲ್ಲಿಗೆ ವಿದೇಶಿ ವಿಮಾನ ಸಂಸ್ಥೆಗಳಿಗೆ ಅನುಮತಿ ಇಲ್ಲ. ರೈಲಂತೂ ನಮ್ಮ ಜಿಲ್ಲೆಗೆ ಬಂದೇ ಇಲ್ಲ.

ಆದ್ದರಿಂದ ನನ್ನ ಮತ ಕುಶಾಲನಗರದ ಪಕ್ಕದ ಕೂಡಿಗೆಗೆ. ಮೈಸೂರಿನಿಂದ ಕುಶಾಲನಗರಕ್ಕೆ ಘಾಟಿ ಹತ್ತದೆ ಬರಬಹುದು, ಕಾವೇರಿ ಹಾರಂಗಿ ಎರಡೂ ಪಕ್ಕದಲ್ಲಿವೆ. ಮಡಿಕೇರಿಯಾದರೆ ಆನೆಕಾಡು ದಾಟಿ ತಿರುವು ಹತ್ತಬೇಕು, ದಿನಾ ಎರಡು ಸಲ ತಿರುಗಿದರೆ ಆಟಗಾರರಿಗೆ ವಾಂತಿ. ತಂಡಕ್ಕೊಂದು 33 ಸೀಟಿನ ಬಸ್ಸು ಸಾಕು. ಗೋಲ್‌ಕೀಪರ್ ಚೀಲಗಳು ಒಳಗೆ ಹಿಡಿಯುವುದಿಲ್ಲ, ಸಾಮಾನಿಗೆ ಬೇರೆ ಲಾರಿ. ವಾರಾಂತ್ಯದ ಪ್ರವಾಸಿ ಕಾರುಗಳ ಸಾಲು ಗೊತ್ತಲ್ಲ, ಶನಿವಾರ ಭಾನುವಾರ ಪೊಲೀಸ್ ಪೈಲಟ್ ಬೇಕೇ ಬೇಕು.

ಅಡುಗೆಯಲ್ಲಿ ಪಂದಿ ಕರಿ ಬಡಿಸುವ ಆಸೆ ಬಿಡಿ. ಹಲಾಲ್ ಅಡುಗೆಗೆ ಪಾತ್ರೆ, ಸೌಟು, ಕತ್ತಿ ಎಲ್ಲ ಬೇರೆಯೇ ಇರಬೇಕು. ದನದ ಮಾಂಸವೂ ಬೇಡ. ಕೋಳಿ, ಮೀನು, ಬೇಳೆ, ಅನ್ನ, ಚಪಾತಿ ಎಲ್ಲರಿಗೂ ನಡೆಯುತ್ತದೆ.

ಮಂಜಿನಕೊಲ್ಲಿ:
ಕೂಡಿಗೆಗೆ ನನ್ನದೂ ಒಂದು ವೋಟು. ಯಾರಾದರೂ ಅಥ್ಲೆಟಿಕ್ಸ್ ಕೂಡ ಮಡಿಕೇರಿಗೆ ಕೇಳೋಣ ಅಂದರೆ ನಿಲ್ಲಿಸಿ. ಸಾವಿರ ಮೀಟರಿಗಿಂತ ಎತ್ತರದಲ್ಲಿ ಓಟ, ಜಿಗಿತದ ದಾಖಲೆಗಳ ಮುಂದೆ ‘ಎ’ (ಎತ್ತರದ ಜಾಗ) ಗುರುತು ಬೀಳುತ್ತದೆ. ಮಡಿಕೇರಿ ಆ ಗೆರೆಯ ಮೇಲಿದೆ, ಕುಶಾಲನಗರ ಕೆಳಗೆ.

ಎಲ್ಲರೂ ಮರೆಯುವುದು ಡೋಪ್ ಕೋಣೆಯನ್ನು. ಕಾಯುವ ಕೋಣೆ, ಮಾದರಿ ತೆಗೆಯುವ ಕೋಣೆ, ಅದಕ್ಕೆ ಅಂಟಿಕೊಂಡ ಶೌಚಾಲಯ, ಬೀಗದ ಫ್ರಿಜ್, ಸೀಲ್ ಒಡೆಯದ ನೀರಿನ ಬಾಟಲಿ. ಮೂತ್ರ ಕನಿಷ್ಠ 90 ಮಿ.ಲೀ. ಬೇಕು. ಬೆವರಿ ಬಂದವರಿಗೆ ಅಷ್ಟಾಗಲು ಎರಡು ಗಂಟೆ ಹಿಡಿದರೂ ಹಿಡಿಯಿತು, ಅವರಿಗಾಗಿ ತಂಡದ ಬಸ್ಸು ಕಾಯಿಸಬೇಡಿ, ಒಂದು ಸಣ್ಣ ಗಾಡಿ ಇಡಿ. ಮಹಿಳಾ ಆಟಗಾರ್ತಿಯ ಜತೆಗೆ ಮಹಿಳೆಯೇ ಇರಬೇಕು. ಪ್ರೀತಿಯಿಂದ ಮನೆಯ ಕಷಾಯ, ವೈನ್ ತಂದುಕೊಡುವವರನ್ನು ಗೇಟಿನಲ್ಲೇ ತಡೆಯಿರಿ.

ಆಂಬುಲೆನ್ಸ್ ಎರಡು. ಒಂದೇ ಇದ್ದು ಅದು ಹೊರಟುಹೋದರೆ ಇನ್ನೊಂದು ಬರುವವರೆಗೆ ಪಂದ್ಯ ನಿಲ್ಲುತ್ತದೆ, ಕೂಡಿಗೆಯಿಂದ ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ ಘಾಟಿಯ ಮೇಲಿದೆ.

ಧ್ವಜದ ವಿಷಯ ಸಣ್ಣದು, ಆದರೆ ಫೋಟೋದಲ್ಲಿ ಎದ್ದು ಕಾಣುತ್ತದೆ. ಶ್ರೀಲಂಕಾದ್ದು 1:2, ಬಾಂಗ್ಲಾದ್ದು 3:5, ನಮ್ಮದು 2:3, ನೇಪಾಳದ್ದು ಆಯತವೇ ಅಲ್ಲ. ಉದ್ದ ಸಮ ಮಾಡಲು ಹೋಗಬೇಡಿ, ಎತ್ತರ ಒಂದೇ ಇರುವಂತೆ ಹೊಲಿಸಿ.

ಎರಡನೇ ಅಂಪೈರ್:
ಮನವಿಯಲ್ಲಿ ಭಾರತ ತಂಡಕ್ಕೆ ಆಡಿದ ನಮ್ಮ ಕೊಡಗಿನ ಎಸ್.ವಿ. ಸುನಿಲ್, ವಿ.ಆರ್. ರಘುನಾಥ್ ಹೆಸರು ಇದ್ದರೆ ಕಳೆ ಬರುತ್ತದೆ, ಇರಲಿ. ಆದರೆ ಮೊದಲ ಪುಟದಲ್ಲಿ ನೀರಿನ ಲೆಕ್ಕ, ಎರಡನೆಯದರಲ್ಲಿ ರೂಮಿನ ಪಟ್ಟಿ. ಮಧ್ಯಂತರ ಹತ್ತೇ ನಿಮಿಷ, 7,000 ಲೀಟರ್ ನಾಲ್ಕು ನಿಮಿಷದಲ್ಲಿ ಬೀಳುತ್ತದೆಯೇ ಎಂದು ಗಡಿಯಾರ ಹಿಡಿದು ಒಮ್ಮೆ ನಡೆಸಿ ನೋಡಿ, ಆ ಅಂಕಿಯನ್ನೇ ಬರೆಯಿರಿ.