ಪ್ರಶ್ನೋತ್ತರ: ಸಾರಿಗೆ ಸಂಶೋಧನೆಯ ಡೇಟಾಬೇಸ್ ಮಾಡಿಸೋ ಮುಂಚೆ ಏನೇನು ಬರ್ಕೋಬೇಕು?

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ 6ರಿಂದ 8ರವರೆಗೆ ಮೇಡಂ ಗ್ರೂಪಿನಲ್ಲಿ ಇರ್ತಾರೆ. ಸರ್ಕಾರಿ ಕಚೇರಿಗಳು ಡೇಟಾಬೇಸ್ ಮಾಡಿಸುವಾಗ ‘ನಮಗೆ ಬೇಕಾದ್ದು ಇದು’ ಅಂತ ಬರೆದುಕೊಡೋದೇ ಅವರ ವೃತ್ತಿ. ಇವತ್ತಿನ ವಿಷಯ, ಸರ್ಕಾರದ ದುಡ್ಡಿನಲ್ಲಿ ನಡೆಯೋ ರಸ್ತೆ, ಸಾರಿಗೆ ಸಂಶೋಧನೆಗಳ ಲೆಕ್ಕ ಇಡೋ ಡೇಟಾಬೇಸ್. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಪಿಎಚ್‌ಡಿ ವಿದ್ಯಾರ್ಥಿನಿ, ಕುವೆಂಪುನಗರ: ಮೇಡಂ, ಅಗತ್ಯಗಳ ಪಟ್ಟಿ ಅಂದ್ರೆ ಯಾವ ಯಾವ ಕಾಲಂ ಬೇಕು ಅಂತ ಬರೆಯೋದಾ?

ಮೇಡಂ: ಅಲ್ಲಮ್ಮ, ಕಾಲಂ ಕೊನೆಗೆ. ಮೊದಲು ಈ ಮಾಹಿತಿಯನ್ನ ಯಾರು ಕೇಳ್ತಾರೆ, ಎಷ್ಟು ಹೊತ್ತಿನಲ್ಲಿ ಕೊಡಬೇಕು, ಅದನ್ನ ಇಟ್ಕೊಂಡು ಅವರು ಏನು ತೀರ್ಮಾನ ಮಾಡ್ತಾರೆ ಅಂತ ಬರೀರಿ. ವಿಧಾನಸಭೆ ಪ್ರಶ್ನೆ ಬಂದ್ರೆ ಬೆಳಗಾಗೋದ್ರೊಳಗೆ ಉತ್ತರ ಕೊಡಬೇಕು. ಮಾಹಿತಿ ಹಕ್ಕಿನಲ್ಲಿ ಕೇಳಿದ್ರೆ 30 ದಿನ. ಹೊಸ ಪ್ರಸ್ತಾವನೆ ಬಂದಾಗ ‘ಇದೇ ಕೆಲಸ ಹಿಂದೆ ಯಾರಾದ್ರೂ ಮಾಡಿದಾರಾ’ ಅಂತ ಕಮಿಟಿ ಕೇಳುತ್ತೆ. ಆಡಿಟ್‌ನವರು ಕೇಳೋದೇ ಬೇರೆ. ಹೀಗೆ ಕಚೇರಿಗೆ ನಿಜವಾಗಿ ಬಂದ ಇಪ್ಪತ್ತು ಪ್ರಶ್ನೆ ಹಳೇ ಫೈಲಿನಿಂದ ಹೆಕ್ಕಿ ತೆಗೀರಿ. ಕಾಲಂ ತಾವಾಗೇ ಬರ್ತವೆ.

ಸದಸ್ಯ, ವಿಜಯನಗರ: ಟೆಂಪ್ಲೇಟ್ ಇದ್ರೆ ಕಳ್ಸಿ ಮೇಡಂ. ಅಗತ್ಯಗಳನ್ನ ಬರೆಯೋಕೆ ಐಇಇಇ ಸಂಸ್ಥೆ ಮಾಡಿರೋ 830 ಫಾರ್ಮ್ಯಾಟ್ ಸಾಕಾ?

ಮೇಡಂ: ಅದು 1998ರದ್ದು. 2011ರಲ್ಲಿ ಅದರ ಜಾಗಕ್ಕೆ 29148 ಅನ್ನೋ ಹೊಸ ಮಾನದಂಡ ಬಂತು, 2018ರಲ್ಲಿ ಅದರ ಪರಿಷ್ಕರಣೆಯೂ ಆಯ್ತು. ಟೆಂಪ್ಲೇಟ್ ಕಳಿಸಲ್ಲ.

ಸದಸ್ಯ, ಹೂಟಗಳ್ಳಿ: ಬಂದದ್ದು ಹಾಕ್ತಿದೀನಿ: ‘ಲಕ್ಷಾಂತರ ಖರ್ಚು ಯಾಕೆ? ಒಂದು ಎಕ್ಸೆಲ್ ಶೀಟ್ ಎಲ್ಲರಿಗೂ ಶೇರ್ ಮಾಡಿ, ಅಗತ್ಯಗಳ ಡಾಕ್ಯುಮೆಂಟನ್ನ ಎಐ 10 ನಿಮಿಷದಲ್ಲಿ ಬರೆದುಕೊಡುತ್ತೆ, ಎಲ್ಲಾ ಇಲಾಖೆಗೂ ತಲುಪಿಸಿ.’ ಇದು ಸರೀನಾ?

ಮೇಡಂ: ಫಾರ್ವರ್ಡ್ ಬೇಡ ಅಂತ ಅಡ್ಮಿನ್ ಮೊದಲ ಮೆಸೇಜಲ್ಲೇ ಹೇಳಿದಾರೆ. 2020ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಕೋವಿಡ್ ಪಟ್ಟಿಯಿಂದ ಹತ್ತಿರ ಹತ್ತಿರ 16,000 ಕೇಸು ಬಿಟ್ಟುಹೋಗಿದ್ವು. ಹಳೇ ಎಕ್ಸೆಲ್ ಫೈಲಿನಲ್ಲಿ 65,536 ಸಾಲು ತುಂಬಿದ ಮೇಲೆ ಉಳಿದದ್ದು ಒಳಗೆ ಸೇರಲೇ ಇಲ್ಲ, ಆಗ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಇನ್ನು ಎಐ ವಿಚಾರ. ನಿಮ್ಮ ಕಚೇರಿಯಲ್ಲಿ ಮಂಜೂರಾತಿ ಪತ್ರ ಯಾರ ಟೇಬಲ್ ಮೇಲೆ ಎಷ್ಟು ದಿನ ಕೂರುತ್ತೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಇಂಥದ್ದನ್ನ ನಂಬಿ ಟೆಂಡರ್ ಕರೆದವರು ವರ್ಷ ಕಳೆದ ಮೇಲೆ ನನ್ನ ಹತ್ರ ಬಂದಿದಾರೆ. ಅಷ್ಟರಲ್ಲಿ ದುಡ್ಡು ಖಾಲಿಯಾಗಿರುತ್ತೆ.

ಇಂಜಿನಿಯರ್, ಮಂಡ್ಯ: ಮೇಡಂ, ನಮ್ ಕಚೇರಿ ಕತೆ ಒಸಿ ಕೇಳಿ. 2009ರಿಂದ ಮಾಡ್ಸಿರೋ ಅಧ್ಯಯನಗಳ ಲೆಕ್ಕ ಮೂರು ಕಡೆ ಐತೆ. ಟೆಕ್ನಿಕಲ್ ಸೆಕ್ಷನ್ ರಿಜಿಸ್ಟರಲ್ಲಿ 37, ಅಕೌಂಟ್ಸ್‌ನವರ ಎಕ್ಸೆಲ್‌ನಲ್ಲಿ 41, ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಟೈಪ್ ಮಾಡಿರೋ ಪಟ್ಟೀಲಿ 46. ಯಾವುದು ಸರಿ ಅಂತ ಯಾರಿಗೂ ಗೊತ್ತಿಲ್ಲ. ಸಾಫ್ಟ್‌ವೇರ್ ಮಾಡೋ ವೆಂಡರ್ ತಾವೇ ಅಗತ್ಯಗಳ ಡಾಕ್ಯುಮೆಂಟ್ ಬರ್ಕೊಂಡು ಬಂದು ಶುಕ್ರವಾರದೊಳಗೆ ಸೈನ್ ಹಾಕಿ ಅಂತವ್ರೆ. ಒಂದು ಯೋಜನೆಗೆ ಒಂದು ಸಾಲು, ಮುಗಿದಿರೋ ಯೋಜನೆ ಬ್ಯಾಡ, ನಡೀತಿರೋವು ಮಾತ್ರ ಹಾಕ್ತೀವಿ ಅಂತಾರೆ. ಇನ್ನೊಂದು, ಕಬ್ಬಿನ ಟ್ರ್ಯಾಕ್ಟರ್ ಓಡೋ ರಸ್ತೆ ಯಾಕೆ ಕಿತ್ತೋಯ್ತದೆ ಅನ್ನೋ ಅಧ್ಯಯನ ಎರಡು ಸಲ ಮಂಜೂರಾದಂಗೆ ಕಾಣ್ತದೆ. ಒಂದ್ಕಡೆ ಕೆ.ಆರ್. ಪೇಟೆ, ಇನ್ನೊಂದ್ಕಡೆ ಕೃಷ್ಣರಾಜಪೇಟೆ. ಡೂಪ್ಲಿಕೇಟ್ ತೆಗೆದುಬುಡ್ತೀವಿ ಅಂತವ್ರೆ. ಸೈನ್ ಹಾಕ್ಬೋದಾ?

ಮೇಡಂ: ಹಾಕಬೇಡಿ ಸರ್. ಮೇಲಿನವರು ಎಷ್ಟೇ ಅವಸರ ಮಾಡ್ಲಿ, ಬೇಡ.

ಮೊದಲು ಆ ಮೂರು ಸಂಖ್ಯೆ ನೋಡಿ. ನನಗನ್ಸುತ್ತೆ ಮೂರೂ ಸರಿ ಇರಬಹುದು. ಟೆಕ್ನಿಕಲ್‌ನವರು ಅಧ್ಯಯನ ಎಣಿಸಿದಾರೆ, ಅಕೌಂಟ್ಸ್‌ನವರು ಮಂಜೂರಾತಿ ಆದೇಶ ಎಣಿಸಿದಾರೆ, ನುಡಿ ಪಟ್ಟಿ ಮಾಡಿದವರು ಬಂದ ವರದಿಗಳನ್ನ ಎಣಿಸಿದಾರೆ. ಒಂದು ಅಧ್ಯಯನಕ್ಕೆ ಎರಡು ಆದೇಶ ಇರಬಹುದು, ಮಧ್ಯಂತರ ವರದಿ ಅಂತಿಮ ವರದಿ ಸೇರಿ ಮೂರು ಇರಬಹುದು, ಹಣ ನಾಲ್ಕು ಕಂತಿನಲ್ಲಿ ಬಿಡುಗಡೆ ಆಗಿರಬಹುದು. ಅಧ್ಯಯನ, ಆದೇಶ, ಕಂತು, ವರದಿ ಬೇರೆ ಬೇರೆ ವಸ್ತುಗಳು. ಒಂದಕ್ಕೊಂದು ಕೊಂಡಿ ಹಾಕಬೇಕೇ ಹೊರತು ಒಂದೇ ಸಾಲಿಗೆ ತುರುಕಬಾರದು. ತುರುಕಿದ್ರೆ 12-ಎ ನಮೂನೆಯಲ್ಲಿ ಬರೋ ಹಣ ಬಳಕೆ ಪ್ರಮಾಣಪತ್ರ ಯಾವ ಕಂತಿಗೆ ಸೇರಿದ್ದು ಅಂತ ಮೂರು ವರ್ಷದ ಮೇಲೆ ಯಾರೂ ಹೇಳೋಕಾಗಲ್ಲ.

ಎರಡನೇದು ತಾರೀಖು. ಒಂದು ಕಚೇರಿಯಲ್ಲಿ ರಿಜಿಸ್ಟರ್ ನೋಡ್ತಾ ಕೂತಿದ್ದೆ. ‘ಮುಗಿಯುವ ದಿನಾಂಕ’ ಅನ್ನೋ ಕಡೆ ವೈಟ್ನರ್ ಹಚ್ಚಿ ಹೊಸ ತಾರೀಖು ಬರೆದಿದ್ರು. ವೈಟ್ನರ್ ದಪ್ಪಕ್ಕೆ ಅಲ್ಲಿ ಕಾಗದ ಉಬ್ಬಿತ್ತು. ಪುಟ ಎತ್ತಿ ಕಿಟಕಿ ಬೆಳಕಿಗೆ ಹಿಡಿದ್ರೆ ಕೆಳಗೆ ಇನ್ನೂ ಎರಡು ತಾರೀಖು ಕಂಡ್ವು. ಕಾಗದದಲ್ಲಿ ಅಷ್ಟಾದ್ರೂ ಉಳೀತದೆ. ವೆಂಡರ್ ಹೇಳೋ ಒಂದು ಸಾಲಿನ ಡೇಟಾಬೇಸಿನಲ್ಲಿ ಹಳೇ ತಾರೀಖಿನ ಮೇಲೆ ಹೊಸದು ಬಿದ್ದ ತಕ್ಷಣ ಹಳೇದು ಮಾಯ. ಆಮೇಲೆ ಎಲ್ಲಾ ಯೋಜನೆಯೂ ‘ಸಕಾಲಕ್ಕೆ ಮುಗಿದಿದೆ’ ಅಂತಲೇ ತೋರಿಸುತ್ತೆ. ಮೂಲ ತಾರೀಖು ಮುಟ್ಟಬಾರದು, ಪ್ರತಿ ವಿಸ್ತರಣೆಯೂ ಆದೇಶ ಸಂಖ್ಯೆ ಸಮೇತ ಬೇರೆಯಾಗಿ ಸೇರಬೇಕು. ಹೀಗಂತ ಡಾಕ್ಯುಮೆಂಟಿನಲ್ಲಿ ಬರೆಸಿ.

ಮೂರನೇದು ನನಗೆ ಜಾಸ್ತಿ ಚಿಂತೆ ಮಾಡೋ ವಿಷಯ, ಮುಗಿದ ಯೋಜನೆ ಬೇಡ ಅನ್ನೋದು. ಬೇರೆ ಕಾಮಗಾರಿಗೆ ಅದು ನಡೆದೀತು. ಸಂಶೋಧನೆಯಲ್ಲಿ ಜನ ಹುಡುಕಿಕೊಂಡು ಬರೋದೇ ಮುಗಿದದ್ದನ್ನ. ಅಮೆರಿಕದಲ್ಲಿ ಕೇಂದ್ರದ ಹೆದ್ದಾರಿ ಹಣದಲ್ಲಿ ಸಂಶೋಧನೆ ಮಾಡಿಸೋ ರಾಜ್ಯಗಳು ನಡೀತಿರೋ ಕೆಲಸದ ವಿವರ, ಮುಗಿದ ವರದಿ ವಿವರ ಎರಡನ್ನೂ ರಾಷ್ಟ್ರೀಯ ಡೇಟಾಬೇಸಿಗೆ ಕೊಡಬೇಕು ಅಂತ ನಿಯಮವೇ ಇದೆ. ಅದರ ಹೆಸರು ಟ್ರಿಡ್, ಹತ್ತು ಲಕ್ಷಕ್ಕಿಂತ ಹೆಚ್ಚು ದಾಖಲೆ ಇವೆ. ಹುಡುಕೋ ಪದಗಳು ಒಬ್ಬೊಬ್ಬರು ಒಂದೊಂದು ಥರ ಬರೆಯದ ಹಾಗೆ ಅವರು ಒಂದು ಪದಕೋಶವನ್ನೇ ಇಟ್ಕೊಂಡಿದಾರೆ. ನಿಮ್ಮ 37ಕ್ಕೆ ಅಷ್ಟು ದೊಡ್ಡದು ಬೇಡ. ಆದರೆ ‘ಡಾಂಬರು’, ‘ಬಿಟುಮಿನ್’, ‘ಟಾರು’ ಮೂರನ್ನೂ ಜನ ಒಂದೇ ಅರ್ಥದಲ್ಲಿ ಬಳಸ್ತಾರೆ ಅಂತ ಡೇಟಾಬೇಸಿಗೆ ಗೊತ್ತಿರಬೇಕು.

ಊರು, ರಸ್ತೆ ಹೆಸರು. ಕೆ.ಆರ್. ಪೇಟೆ, ಕೃಷ್ಣರಾಜಪೇಟೆ ಗೊಂದಲ ಬೇಡ ಅಂದ್ರೆ ತಾಲ್ಲೂಕು, ಗ್ರಾಮಗಳಿಗೆ ಕೇಂದ್ರದ ಎಲ್‌ಜಿಡಿ (ಲೋಕಲ್ ಗವರ್ನಮೆಂಟ್ ಡೈರೆಕ್ಟರಿ) ಕೋಡ್ ಹಾಕಿ. ರಸ್ತೆ ನಂಬರನ್ನ ಗುರುತಾಗಿ ಬಳಸಬೇಡಿ. ನಮ್ಮ ಬೆಂಗಳೂರು–ಮೈಸೂರು ರಸ್ತೆ ರಾಜ್ಯ ಹೆದ್ದಾರಿ 17 ಆಗಿತ್ತು, ಈಗ ರಾಷ್ಟ್ರೀಯ ಹೆದ್ದಾರಿ 275. ನಂಜನಗೂಡು, ಗುಂಡ್ಲುಪೇಟೆ ಮೇಲೆ ಕೋಳಿಕ್ಕೋಡ್‌ಗೆ ಹೋಗೋದು 212 ಇತ್ತು, 766 ಆಯ್ತು. 2009ರ ವರದಿಯಲ್ಲಿ 212 ಅಂತಿದ್ರೆ, 766 ಹುಡುಕಿದವರಿಗೆ ಅದು ಸಿಗಲ್ಲ. ರಸ್ತೆಗೆ ಬದಲಾಗದ ಒಂದು ಗುರುತು ಕೊಡಿ, ನಂಬರನ್ನ ‘ಇಂಥ ದಿನದಿಂದ ಇಂಥ ದಿನದವರೆಗೆ’ ಅಂತ ಅದಕ್ಕೆ ಸೇರಿಸಿ.

ನುಡಿ ಪಟ್ಟಿಯನ್ನ ಎಲ್ಲಾ ಕಂಪ್ಯೂಟರಿಗೂ ಅರ್ಥವಾಗೋ ಯೂನಿಕೋಡ್‌ಗೆ ಮಾಡಿಕೊಡೋದು ಕರಾರಿನಲ್ಲೇ ಇರಬೇಕು, ‘ಆಮೇಲೆ ಮಾಡೋಣ’ ಅಂದ್ರೆ ಒಪ್ಪಬೇಡಿ. ಒತ್ತಕ್ಷರ ಜಾಸ್ತಿ ಇರೋ ಐವತ್ತು ಸಾಲು ಆರಿಸಿ, ಕನ್ವರ್ಟ್ ಆದ ಮೇಲೆ ನಿಮ್ಮವರೇ ಓದಿ ನೋಡಲಿ. ‘ಸಾಫ್ಟ್‌ವೇರ್’ ಅಂತ ಟೈಪ್ ಮಾಡುವಾಗ ‘ಟ್’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂರುತ್ತೆ. ಒಬ್ಬರು ಅದನ್ನ ಹಾಕಿ ಇನ್ನೊಬ್ಬರು ಬಿಟ್ರೆ ಹುಡುಕಾಟದಲ್ಲಿ ಎರಡೂ ಬೇರೆ ಪದ ಆಗ್ತವೆ.

ಕೊನೇದು, ವರದಿ ಬಂದ ಮೇಲೆ ಅದರ ಗತಿ ಏನಾಯ್ತು ಅನ್ನೋದಕ್ಕೆ ಜಾಗ ಇಡಿ. ಶಿಫಾರಸು ಯಾವ ಎಸ್ಟಿಮೇಟಿಗೆ ಹೋಯ್ತು, ಯಾವ ರಸ್ತೆಯಲ್ಲಿ ಹಾಕಿ ನೋಡಿದ್ರು, ಬೇಡ ಅಂದಿದ್ರೆ ಯಾಕೆ. ವೆಂಡರ್ ಡಾಕ್ಯುಮೆಂಟಿನಲ್ಲಿ ಇದು ಇರಲ್ಲ, ನಾನು ಬರೆದುಕೊಡ್ತೀನಿ.

ಸದಸ್ಯ, ವಿಜಯನಗರ: ಟೆಂಪ್ಲೇಟ್ ಮೇಡಂ?

ಮೇಡಂ: ಹೇಳಾಯ್ತು.

ನಿವೃತ್ತ ಇಂಜಿನಿಯರ್, ಸರಸ್ವತಿಪುರಂ: ಕನ್ನಡದ ಗೊಡವೆಯೇ ಯಾಕೆ ಅಂತ ನನ್ನ ಪ್ರಶ್ನೆ. ರಸ್ತೆ ಕಟ್ಟೋಕೆ ಇರೋ ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಕೋಡುಗಳೆಲ್ಲ ಇಂಗ್ಲಿಷಿನಲ್ಲಿವೆ. ಡೇಟಾಬೇಸ್ ಪೂರ್ತಿ ಇಂಗ್ಲಿಷಿನಲ್ಲಿ ಮಾಡಿದರೆ ನುಡಿ, ಯೂನಿಕೋಡ್ ತಕರಾರೇ ಇಲ್ಲ.

ಸದಸ್ಯ, ಪಾಂಡವಪುರ: ಸಾರ್, ದುಡ್ಡು ನಮ್ದು, ರಸ್ತೆ ನಮ್ದು, ವರದಿ ಮಾತ್ರ ನಮಗೆ ಅರ್ಥ ಆಗ್ಬಾರ್ದಾ? ಬೆಂಗಳೂರು–ಮೈಸೂರು ರಸ್ತೆಯನ್ನ ಎಕ್ಸ್‌ಪ್ರೆಸ್‌ವೇ ಮಾಡಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಬ್ಯಾಡ ಅಂದ್ರು. ಕಬ್ಬು ತುಂಬ್ಕೊಂಡು ಸರ್ವಿಸ್ ರೋಡಲ್ಲಿ ಹೋಗ್ತಿರೋರು ನಾವು. ಅದರ ಅಧ್ಯಯನ ಏನಾರ ಆಗಿದ್ರೆ ಕನ್ನಡದಲ್ಲಿ ಕೊಡಿ ನೋಡೋಣ.

ನಿವೃತ್ತ ಇಂಜಿನಿಯರ್, ಸರಸ್ವತಿಪುರಂ: ಅಪಘಾತ ತಡೆಯೋಕೆ ಮಾಡಿದ ನಿಯಮ ಅದು. ವೇಗದ ರಸ್ತೆಯಲ್ಲಿ ಟ್ರ್ಯಾಕ್ಟರ್ ಬಿಟ್ಟರೆ ಸಾಯೋರು ಯಾರು? ಭಾವನೆಯಲ್ಲಿ ರಸ್ತೆ ಕಟ್ಟೋಕಾಗಲ್ಲ.

ಸದಸ್ಯ, ಪಾಂಡವಪುರ: ಕಾರಲ್ಲಿ ಎಸಿ ಹಾಕ್ಕೊಂಡು ಹೋಗೋರಿಗೆ ಹಂಗೇ ಕಾಣೋದು.

ನಿವೃತ್ತ ಇಂಜಿನಿಯರ್, ಸರಸ್ವತಿಪುರಂ: ವೈಯಕ್ತಿಕ ಬೇಡ. ನಾನು ಮೂವತ್ತು ವರ್ಷ ಬಿಸಿಲಲ್ಲಿ ನಿಂತು ಡಾಂಬರು ಹಾಕಿಸಿದೀನಿ.

ಸದಸ್ಯ, ಹೂಟಗಳ್ಳಿ: ಅಣ್ಣ, ಮಂಡ್ಯದೋರು ಎಲ್ಲದಕ್ಕೂ ಕಬ್ಬು ತರ್ತೀರಿ.

ಸದಸ್ಯ, ಪಾಂಡವಪುರ: ನೀವು ಫಾರ್ವರ್ಡ್ ತರ್ತೀರಲ್ಲ, ಅದಕ್ಕಿಂತ ವಾಸಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಮೇಡಂ: ಪಾಂಡವಪುರದವರ ಮಾತಲ್ಲಿ ಒಂದು ಅಗತ್ಯ ಇದೆ, ಜಗಳದಲ್ಲಿ ಕಳೆದುಹೋಗಬಾರದು. ನಿಯಮ ಬದಲಾದ ದಿನ ಡೇಟಾಬೇಸಿನಲ್ಲಿ ಇರಬೇಕು. ಹೆದ್ದಾರಿ ಉದ್ಘಾಟನೆ 2023ರ ಮಾರ್ಚ್ 12, ವಾಹನ ನಿರ್ಬಂಧ ಆಗಸ್ಟ್ 1. ಜೂನಿನಲ್ಲಿ ಮಾಡಿದ ವಾಹನ ಎಣಿಕೆಯನ್ನ ಡಿಸೆಂಬರಿನದಕ್ಕೆ ಹೋಲಿಸೋರಿಗೆ ಈ ಎರಡು ದಿನ ಗೊತ್ತಿಲ್ಲದಿದ್ರೆ ಲೆಕ್ಕ ದಾರಿ ತಪ್ಪುತ್ತೆ. ಸರ್ವಿಸ್ ರಸ್ತೆಯ ಎಣಿಕೆ ಬೇರೆಯಾಗಿ ಇರಬೇಕು. ಭಾಷೆ ವಿಚಾರ: ಶೀರ್ಷಿಕೆ, ಸಾರಾಂಶ ಎರಡೂ ಭಾಷೆಯಲ್ಲಿ, ಪೂರ್ತಿ ವರದಿ ಬರೆದ ಭಾಷೆಯಲ್ಲಿ. ಚರ್ಚೆ ಬೇಡ.

ಲೈಬ್ರರಿಯನ್, ಮೈಸೂರು: ಮೇಡಂ, ನಮ್ಮಲ್ಲಿ ಬೈಂಡ್ ಮಾಡಿದ ಹಳೇ ವರದಿಗಳಿವೆ. ಸ್ಕ್ಯಾನ್ ಮಾಡಿಸಿದರೆ ಒಳಗಿನ ಕನ್ನಡ ಹುಡುಕೋಕೆ ಆಗುತ್ತಾ?

ಪಿಎಚ್‌ಡಿ ವಿದ್ಯಾರ್ಥಿನಿ, ಕುವೆಂಪುನಗರ: ಟ್ರಾಫಿಕ್ ಸರ್ವೆ ವಿಡಿಯೊದಲ್ಲಿ ನಂಬರ್ ಪ್ಲೇಟ್ ಕಾಣುತ್ತೆ. 2023ರ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ಪ್ರಕಾರ ಅದನ್ನ ಇಡಬಹುದಾ ಮೇಡಂ?

ಸದಸ್ಯ, ಹೂಟಗಳ್ಳಿ: ಬ್ಲಾಕ್‌ಚೈನ್ ಹಾಕಿದ್ರೆ ಯಾರೂ ತಿದ್ದೋಕಾಗಲ್ಲ, ಭ್ರಷ್ಟಾಚಾರ ನಿಲ್ಲುತ್ತೆ ಅಂತ ಒಂದು ವಿಡಿಯೊ ಬಂದಿದೆ, ಎಲ್ಲರೂ ನೋಡಿ.

ಮೇಡಂ: ಸ್ವಾಮಿ, ಮಾರ್ಚ್ 7ನ್ನ ಜುಲೈ 3 ಅಂತ ನಮೂದಿಸಿದ್ರೆ ತಿದ್ದಬೇಡವಾ? ತಿದ್ದಲಿ. ಯಾರು, ಯಾವಾಗ, ಯಾವ ಆದೇಶದ ಮೇಲೆ ತಿದ್ದಿದ್ರು, ಮೊದಲು ಏನಿತ್ತು ಅನ್ನೋದು ಉಳಿಯಲಿ. ಸಾಮಾನ್ಯ ಡೇಟಾಬೇಸೇ ಅದನ್ನ ಮಾಡುತ್ತೆ. ಆ ವಿಡಿಯೊ ನೋಡಿ ಯಾರೂ ಪ್ರಸ್ತಾವನೆ ಬರೀಬೇಡಿ. ಇನ್ನೊಂದು ಫಾರ್ವರ್ಡ್ ಬಂದ್ರೆ ನಾನು ಎದ್ದು ಹೋಗ್ತೀನಿ.

ಸದಸ್ಯ, ವಿಜಯನಗರ: ಟೆಂಪ್ಲೇಟ್ ಕೊಡಲ್ಲ ಅಂದ್ರೆ ಗ್ರೂಪ್ ಯಾಕ್ರೀ ಮತ್ತೆ?

ಅಡ್ಮಿನ್: ವಿಜಯನಗರದವರನ್ನ ಇವತ್ತಿನ ಮಟ್ಟಿಗೆ ಮ್ಯೂಟ್ ಮಾಡಿದೆ.

ಇಂಜಿನಿಯರ್, ಮಂಡ್ಯ: ಮೇಡಂ, ಅಕೌಂಟ್ಸ್‌ನೋರಿಗೆ ಈಗ್ಲೇ ಫೋನ್ ಮಾಡ್ದೆ. ಕೆ.ಆರ್. ಪೇಟೆದು, ಕೃಷ್ಣರಾಜಪೇಟೆದು ಒಂದೇ ಅಧ್ಯಯನ ಅಲ್ವಂತೆ. ಮೊದಲ್ನೇದು ಬ್ಯಾಸಗೇಲಿ ಮಾಡಿದ ಪರೀಕ್ಷೆ, ಎರಡನೇದು ಅದೇ ರಸ್ತೇಲಿ ಮಳೆಗಾಲ ಆದ್ಮೇಲೆ. ಆದೇಶ ಬೇರೆ, ಹಣ ಬೇರೆ. ಡೂಪ್ಲಿಕೇಟ್ ಅಂತ ತೆಗೆದಿದ್ರೆ ಹೋಗಿತ್ತು.

ಮೇಡಂ: ಮಳೆಗೆ ಮುಂಚೆ, ಮಳೆ ಆದ್ಮೇಲೆ ಅಂತ ಹೋಲಿಸೋಕೆ ಆ ಜೋಡಿ ಬೇಕೇ ಬೇಕು ಸರ್. ಎರಡೂ ಇರಲಿ, ನಡುವೆ ‘ಹಿಂದಿನ ಹಂತ’ ಅಂತ ಕೊಂಡಿ ಬರೆಸಿ. ಇನ್ನು 37, 41, 46ನ್ನ ಒಂದೊಂದಾಗಿ ಎದುರಿಟ್ಟು ನೋಡಬೇಕು, ಅಕೌಂಟ್ಸ್‌ನವರನ್ನೂ ಜೊತೆಗೆ ಕೂರಿಸಿಕೊಳ್ಳಿ. ಸೋಮವಾರ ಬೆಳಗ್ಗೆ ನಾನೇ ಮಂಡ್ಯಕ್ಕೆ ಬರ್ತೀನಿ, ರಿಜಿಸ್ಟರ್ ತೆಗೆದಿಟ್ಟಿರಿ. ಅಲ್ಲೀತನಕ ಯಾವ ಕಾಗದಕ್ಕೂ ಸೈನ್ ಹಾಕಬೇಡಿ.