ಅಪ್‌ಡೇಟ್: ಕೊಳಲಿನ ಬೂಷ್ಟು ಹೋಯಿತು

ಮಡಿಕೇರಿ ಮಳೆಗೆ ನನ್ನ ಮರದ ಕೊಳಲಿನ ಊದುವ ತೂತಿನ ಸುತ್ತ ಬಿಳಿ ಬೂಷ್ಟು ಬಂದಿದೆ ಅಂತ ಹೋದ ವಾರ ಕೇಳಿದ್ದೆನಲ್ಲ, ಈಗ ಸರಿಯಾಯಿತು. ಒಲೆ ಮೇಲಿನ ಅಟ್ಟದಲ್ಲಿಟ್ಟು ನೋಡಿದೆ, ಹೊಗೆ ವಾಸನೆ ಹತ್ತಿತು ಅಷ್ಟೇ. ಬಿಸಿನೀರಲ್ಲಿ ತೊಳೆಯುವ ಸಲಹೆ ಬಿಟ್ಟೆ, ಮರ ಬಿರುಕು ಬಿಟ್ಟರೆ ಕಷ್ಟ ಅಲ್ವಾ.

ಕೆಲಸ ಮಾಡಿದ್ದು ವಿನೆಗರ್. ಒಂದು ಪಾಲಿಗೆ ಎರಡು ಪಾಲು ನೀರು ಬೆರೆಸಿ, ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ ಒರೆಸಿದೆ, ಅಂಚಿಗೆ ಇಯರ್ ಬಡ್. ಬಿಳಿ ವಿನೆಗರೇ ಬೇಕು, ನಮ್ಮ ಕೊಡಗಿನ ಕಪ್ಪು ವಿನೆಗರ್ ಕಾಚಂಪುಳಿ ಪಂದಿ ಕರಿಗೇ ಇರಲಿ! ಎರಡು ದಿನ ನೆರಳಲ್ಲಿ ಒಣಗಿಸಿ ಬಾದಾಮಿ ಎಣ್ಣೆ ತೆಳ್ಳಗೆ ಸವರಿದೆ.

ಆಶ್ಚರ್ಯ ಅಂದರೆ, ಬಡ್ ತುದಿಗೆ ಕಂದು ಬಣ್ಣದ ಅಂಟು ಬಂತು. ನಾನೇ ಜಾಸ್ತಿ ಹಚ್ಚಿದ್ದ ಕೊಬ್ಬರಿ ಎಣ್ಣೆ, ಎಂಜಲಿನ ಜೊತೆ ಸೇರಿ ಗಟ್ಟಿಯಾಗಿತ್ತು. ಈಗ ನುಡಿಸಿದ ಮೇಲೆ ಒಳಗೂ ಒರೆಸಿ, ಪೂರ್ತಿ ಒಣಗಿದ ಮೇಲೇ ಚೀಲಕ್ಕೆ ಹಾಕುತ್ತೇನೆ.