ಕೋಳಿ–ರಾಜ್ಮಾ ಇಟಾಲಿಯನ್ ಸ್ಟ್ಯೂ: ಕಾಳು ಬೇಯುವುದಿಲ್ಲ, ರಸ ಗಟ್ಟಿಯಾಗುವುದಿಲ್ಲ

ಪ್ರಶ್ನೆ: ಕುಂಜಿಬೆಟ್ಟಿನವಳು, ಉಡುಪಿ

ಎಲ್ಲರಿಗೂ ನಮಸ್ಕಾರ. ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡುವ ನನ್ನ ತಮ್ಮ ರಜೆಗೆ ಬಂದಾಗಲೆಲ್ಲ ಇಟಲಿಯ ಟಸ್ಕನಿ ಕಡೆಯ ಕೋಳಿ ಮತ್ತು ಬಿಳಿ ಕಾಳಿನ ಸ್ಟ್ಯೂವನ್ನು ಹೊಗಳುತ್ತಿರುತ್ತಾನೆ. ಬಿಳಿ ಕಾಳು ಸಿಗಲಿಲ್ಲವೆಂದು ಕಳೆದ ಭಾನುವಾರ ಕಾಲು ಕಿಲೋ ಕೆಂಪು ರಾಜ್ಮಾವನ್ನು ರಾತ್ರಿಯೇ ನೆನೆಹಾಕಿ, ಬೆಳಗ್ಗೆ ಒಂದು ಕಿಲೋ ಬ್ರಾಯ್ಲರ್ ಕೋಳಿ, ಐದು ಟೊಮೆಟೊ, ನೀರುಳ್ಳಿ, ಬೆಳ್ಳುಳ್ಳಿ ಎಲ್ಲವನ್ನೂ ಒಟ್ಟಿಗೆ ಪಾತ್ರೆಗೆ ಹಾಕಿ, ಆಲಿವ್ ಎಣ್ಣೆ ಸುರಿದು, ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಬೇಯಿಸಿದೆ. ಕೋಳಿ ಎಳೆ ಎಳೆಯಾಗಿ ಮೂಳೆ ಬಿಟ್ಟಿತು, ಆದರೆ ರಾಜ್ಮಾ ಹಲ್ಲಿಗೆ ಗಟ್ಟಿಯಾಗಿಯೇ ಉಳಿಯಿತು. ರಸವಂತೂ ನೀರು. ಅತ್ತೆಯವರು ಒಂದು ಚಮಚ ರುಚಿ ನೋಡಿ, "ಕಾಯಿ ಅರೆದು ಹಾಕಲು ಮರೆತೆಯಾ ಮಗಾ?" ಎಂದು ಕೇಳಿದರು. ಅಷ್ಟು ಬೆಲೆಯ ಎಣ್ಣೆಯ ಪರಿಮಳವೂ ಎಲ್ಲೋ ಮಾಯವಾಗಿತ್ತು. ಎಲ್ಲಿ ತಪ್ಪಿದೆನೆಂದು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಕದ್ರಿಯ ಅಡುಗೆಯವ, ಮಂಗಳೂರು

ತಾವು ಎಲ್ಲವನ್ನೂ ಒಟ್ಟಿಗೆ ಹಾಕಿದ್ದೇ ತಪ್ಪಾಯಿತು. ಟೊಮೆಟೊದ ಹುಳಿ ತಾಗಿದ ಕಾಳು ಬೇಗ ಮೆತ್ತಗಾಗುವುದಿಲ್ಲ; ಕಾಳಿನ ಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಹುಳಿಯಲ್ಲಿ ಕರಗಲು ಬಹಳ ಹೊತ್ತು ಹಿಡಿಯುತ್ತದೆ. ಆದ್ದರಿಂದ ಕಾಳು ಬೆರಳಿನಲ್ಲಿ ಒತ್ತಿದರೆ ನುಣ್ಣಗೆ ಹಿಸುಕಿ ಹೋಗುವಷ್ಟು ಬೆಂದ ಮೇಲೆಯೇ ಟೊಮೆಟೊದ ಹತ್ತಿರ ಹೋಗಬೇಕು. ನೆನೆಹಾಕುವ ನೀರಿಗೆ ಲೀಟರಿಗೆ ಸುಮಾರು 15 ಗ್ರಾಂ ಉಪ್ಪು ಹಾಕಿದರೆ ಸಿಪ್ಪೆಯೂ ಮೆತ್ತಗಾಗುತ್ತದೆ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂದು ನಮ್ಮಲ್ಲಿ ಹಿರಿಯರು ಹೇಳುವುದುಂಟು, ಅದು ಸರಿಯಲ್ಲ. ಅಂಗಡಿಯಲ್ಲಿ ವರ್ಷಗಟ್ಟಲೆ ಕುಳಿತ ಕಾಳಾದರೆ ಮಾತ್ರ ಯಾವ ಉಪಾಯವೂ ನಡೆಯದು.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಅರೆಬೆಂದ ಕೆಂಪು ರಾಜ್ಮಾವನ್ನು ದಯವಿಟ್ಟು ತಿನ್ನಬೇಡಿ. ಅದರಲ್ಲಿರುವ ಲೆಕ್ಟಿನ್ ಎಂಬ ಅಂಶ ವಾಂತಿ, ಭೇದಿ ತರಿಸುತ್ತದೆ, ಮತ್ತು ಕುದಿಯದಷ್ಟು ಸಣ್ಣ ಉರಿಯಲ್ಲಿ ಎಷ್ಟು ಹೊತ್ತು ಇಟ್ಟರೂ ಅದು ನಾಶವಾಗುತ್ತದೆಂಬ ಭರವಸೆಯಿಲ್ಲ. ನೆನೆಸಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತನೆ ಕುದಿಸಲೇಬೇಕು. ಪ್ರೆಷರ್ ಕುಕ್ಕರಿನಲ್ಲಿ ಪೂರ್ತಿ ಬೇಯಿಸಿದರೆ ಈ ಚಿಂತೆಯಿಲ್ಲ.

ಇನ್ನು ರಸದ ವಿಷಯ. ನಮ್ಮ ಕೋರಿ ಗಸಿಗೆ (ಕೋಳಿ ಸಾರಿಗೆ) ಮೈ ಕೊಡುವುದು ಅರೆದ ತೆಂಗಿನಕಾಯಿ. ಟಸ್ಕನಿಯ ಸ್ಟ್ಯೂಗೆ ಮೈ ಕೊಡುವುದು ಕಾಳೇ. ಬೆಂದ ಕಾಳಿನಲ್ಲಿ ಎರಡು ಸೌಟಿನಷ್ಟನ್ನು ಬಟ್ಟಲಿಗೆ ತೆಗೆದು, ಸೌಟಿನ ಬೆನ್ನಿನಿಂದ ಜಜ್ಜಿ ಪೇಸ್ಟಿನಂತೆ ಮಾಡಿ ಮತ್ತೆ ಪಾತ್ರೆಗೆ ಸುರಿಯಿರಿ, ಕಾಳು ಬೇಯಿಸಿದ ನೀರನ್ನೂ ಅದಕ್ಕೇ ಬಳಸಿರಿ. ಆ ನೀರನ್ನು ಚೆಲ್ಲಿ ನಲ್ಲಿ ನೀರು ಹಾಕಿದವರ ಸ್ಟ್ಯೂ ಎಂದೂ ಗಟ್ಟಿಯಾಗುವುದಿಲ್ಲ. ಕಾಳಿನ ಮೇಲೆ ಆ ಸೀಮೆಯವರಿಗೆ ಎಷ್ಟು ಪ್ರೀತಿಯೆಂದರೆ, ಇಟಲಿಯ ಉಳಿದವರು ಅವರನ್ನು 'ಮಾಂಜಾಫಜೋಲಿ', ಅಂದರೆ 'ಕಾಳು ತಿನ್ನುವವರು' ಎಂದೇ ಛೇಡಿಸುತ್ತಾರೆ.

ಉತ್ತರ 2: ಮಲ್ಪೆ ಕಡೆಯವರು

ಎಣ್ಣೆಯ ಬಗ್ಗೆ ಮಾತ್ರ ಹೇಳುತ್ತೇನೆ. ಎಕ್ಸ್‌ಟ್ರಾ ವರ್ಜಿನ್ ಎಣ್ಣೆಯನ್ನು, ಅಂದರೆ ಹಣ್ಣಿನಿಂದ ನೇರವಾಗಿ ಹಿಂಡಿದ, ಸಂಸ್ಕರಿಸದ ಆಲಿವ್ ಎಣ್ಣೆಯನ್ನು, ಬಿಸಿ ಮಾಡಲೇಬಾರದು ಎಂದು ಕೆಲವರು ಹೇಳುವುದುಂಟು, ಅದು ಅತಿಯಾಯಿತು. ಅದು ಹೊಗೆಯಾಡುವುದು ಸುಮಾರು 190 ಡಿಗ್ರಿಯ ಮೇಲೆ, ಕುದಿಯುವ ರಸ 100 ಡಿಗ್ರಿಯ ಆಸುಪಾಸಿನಲ್ಲಿಯೇ ಇರುತ್ತದೆ. ಎಣ್ಣೆ ಕೆಡುವುದಿಲ್ಲ, ಆದರೆ ಒಂದೂವರೆ ಗಂಟೆ ಕುದಿಸಿದರೆ ಪರಿಮಳ ಹಾರಿಹೋಗುತ್ತದೆ. ನಮ್ಮ ಮನೆಯಲ್ಲಿ ಹುಮ್ಮಣ ಎಂಬ ಕಾಯಿ ಸಾರು ಮಾಡಿದಾಗ ಪಾತ್ರೆ ಇಳಿಸಿದ ಮೇಲೆ ಹಸಿ ತೆಂಗಿನೆಣ್ಣೆ ಹಾಕಿ ತಟ್ಟನೆ ಮುಚ್ಚಳ ಮುಚ್ಚುತ್ತೇವೆ. ಟಸ್ಕನಿಯವರು ಆಲಿವ್ ಎಣ್ಣೆಯಲ್ಲಿ ಮಾಡುವುದೂ ಅದನ್ನೇ. ಹುರಿಯುವುದಕ್ಕೆ ಮೂರು ಚಮಚ ಹಾಕಿ, ಒಳ್ಳೆಯ ಎಣ್ಣೆಯ ಎರಡು ಚಮಚವನ್ನು ಬಡಿಸುವ ಹೊತ್ತಿಗೆ ಉಳಿಸಿಕೊಳ್ಳಿ.

ಬಾಟಲಿಯ ಲೇಬಲ್ ಓದದೆ ಕೊಳ್ಳಬೇಡಿ. 'ಪೊಮೆಸ್' ಎಂದಿದ್ದರೆ ಅದು ಹಣ್ಣು ಹಿಂಡಿದ ಮೇಲೆ ಉಳಿದ ಹಿಂಡಿಯಿಂದ ದ್ರಾವಕ ಬಳಸಿ ತೆಗೆದು ಸಂಸ್ಕರಿಸಿದ ಎಣ್ಣೆ. ಅದನ್ನು ಹಸಿಯಾಗಿ ಸುರಿದರೆ ತಾವು ಹುಡುಕುತ್ತಿರುವ ಪರಿಮಳ ಬರಲಾರದು. 'ಲೈಟ್' ಎಂಬುದು ಬಣ್ಣ, ರುಚಿಗಳ ಮಾತು, ಕೊಬ್ಬು ಕಡಿಮೆಯೆಂದಲ್ಲ.

ಉತ್ತರ 3: ಮೂಡುಬಿದಿರೆ ಅಜ್ಜಿಮನೆ

ಮೇಲಿನವರ ಮಾತನ್ನೆಲ್ಲ ಒಪ್ಪುತ್ತೇನೆ, ರಾಜ್ಮಾವನ್ನು ಬಿಟ್ಟು. ಕೆಂಪು ರಾಜ್ಮಾ ರಸಕ್ಕೆ ಕಂದು ಬಣ್ಣ ಬಿಡುತ್ತದೆ, ಸಿಪ್ಪೆಯೂ ದಪ್ಪ. ಬಿಳಿ ರಾಜ್ಮಾ ಸಿಗದಿದ್ದರೆ ನಮ್ಮ ಬಿಳಿ ಅಲಸಂಡೆ ಬೀಜವನ್ನು ಹಾಕಿ ನೋಡಿ. ಇದು ಬಡವರ ಬದಲಿ ವ್ಯವಸ್ಥೆಯೆಂದು ತಿಳಿಯಬೇಕಾಗಿಲ್ಲ, ಏಕೆಂದರೆ ರಾಜ್ಮಾದ ಜಾತಿಯ ಕಾಳು ಅಮೆರಿಕ ಖಂಡದಿಂದ ಯುರೋಪಿಗೆ ಬಂದದ್ದೇ ಕೊಲಂಬಸನ 1492ರ ಯಾನದ ನಂತರ. ಅದಕ್ಕೂ ಮೊದಲು ಇಟಲಿಯವರು ತಿನ್ನುತ್ತಿದ್ದ ಕಾಳುಗಳಲ್ಲಿ ಕಪ್ಪು ಕಣ್ಣಿನ ಅಲಸಂಡೆಯೂ ಇತ್ತು. ನಾಲ್ಕು ಗಂಟೆ ನೆನೆಸಿದರೆ ಕುಕ್ಕರಿನ ಎರಡು ವಿಷಲಿಗೆ ಬೇಯುತ್ತದೆ.

ಇನ್ನೊಂದು ವಿಷಯ: ನೀರುಳ್ಳಿ, ಕ್ಯಾರೆಟ್, ಸೆಲರಿ ಮೂರನ್ನೂ ಸಣ್ಣಗೆ ಕೊಚ್ಚಿ ಎಣ್ಣೆಯಲ್ಲಿ ಹದಿನೈದು ನಿಮಿಷ, ಕೆಂಪಾಗಲು ಬಿಡದೆ ಬಾಡಿಸಬೇಕು. ಇಟಲಿಯವರು ಅದನ್ನು 'ಸೊಫ್ರಿತ್ತೊ' ಎನ್ನುತ್ತಾರೆ. ರುಚಿಯ ಬುನಾದಿ ಅದೇ, ಮಸಾಲೆಯಲ್ಲ. ಸೆಲರಿ ಇಲ್ಲದಿದ್ದರೆ ನಾನು ಕೊತ್ತಂಬರಿ ಸೊಪ್ಪಿನ ದಂಟನ್ನು ಕೊಚ್ಚಿ ಹಾಕುತ್ತೇನೆ. ಮೂಳೆಸಹಿತ ತೊಡೆಯ ತುಂಡುಗಳನ್ನು ಒರೆಸಿ, ಒಣಗಿಸಿ, ಚರ್ಮ ಕೆಳಗೆ ಮಾಡಿ ಮೊದಲೇ ಹೊಂಬಣ್ಣಕ್ಕೆ ಹುರಿದು ತೆಗೆದಿಡಿ. ಬ್ರಾಯ್ಲರಿಗೆ ಆಮೇಲೆ ಮೂವತ್ತೈದು ನಿಮಿಷ ಸಾಕು. ಊರಿನ ಕೋಳಿಯಾದರೆ ಒಂದು ಗಂಟೆಯ ಮೇಲೆ ಬೇಕು. ಪರಿಮಳಕ್ಕೆ ಹಾಕುವ ಎಲೆಯ ವಿಷಯದಲ್ಲೂ ಎಚ್ಚರ: ನಮ್ಮ ಪಲಾವಿನ ಎಲೆಯ ಉದ್ದಕ್ಕೆ ಮೂರು ನರಗಳಿರುತ್ತವೆ, ದಾಲ್ಚಿನ್ನಿಯ ವಾಸನೆ ಹೊಡೆಯುತ್ತದೆ. ಇಟಲಿಯವರ ಲಾರೆಲ್ ಎಲೆಗೆ ನಡುವೆ ಒಂದೇ ನರ. ಅದು ಸಿಗದಿದ್ದರೆ ಎಲೆಯನ್ನೇ ಬಿಟ್ಟುಬಿಡಿ, ಒಂದು ಕಡ್ಡಿ ರೋಸ್‌ಮೆರಿ ಸಾಕು.

ಮರುಉತ್ತರ: ಕುಂಜಿಬೆಟ್ಟಿನವಳು

ಮೂವರಿಗೂ ಧನ್ಯವಾದಗಳು. ನಿನ್ನೆ ಅಲಸಂಡೆ ಬೀಜವನ್ನು ಕುಕ್ಕರಿನಲ್ಲಿ ಬೇಯಿಸಿಟ್ಟುಕೊಂಡು, ಮೂರೇ ಟೊಮೆಟೊ ಹಾಕಿ, ಹೇಳಿದ ಕ್ರಮದಲ್ಲಿಯೇ ಮಾಡಿದೆ. ಜಜ್ಜಿದ ಕಾಳು ಬಿದ್ದ ಐದು ನಿಮಿಷಕ್ಕೆ ರಸ ಸೌಟಿನ ಬೆನ್ನಿಗೆ ಅಂಟಿ ನಿಂತಿತು. ಇಳಿಸಿದ ಮೇಲೆ ಹಸಿ ಎಣ್ಣೆ ಸುರಿದು ಮುಚ್ಚಳ ಮುಚ್ಚಿ, ಬಡಿಸುವಾಗ ತೆರೆದರೆ ಹಸಿ ಹುಲ್ಲು ಕೊಯ್ದಂತಹ ಘಮ ಬಂದಿತು. ಅತ್ತೆಯವರು ಈ ಸಲ ಕಾಯಿಯನ್ನು ಕೇಳಲಿಲ್ಲ, ಕಾಳುಮೆಣಸಿನ ಪುಡಿಯ ಡಬ್ಬಿಯನ್ನು ಕೇಳಿದರು. ರಾತ್ರಿ ಉಳಿದದ್ದು ಬೆಳಗ್ಗೆ ಇನ್ನೂ ಗಟ್ಟಿಯಾಗಿತ್ತು. ತಮ್ಮನಿಗೆ ಹೇಳಬೇಡಿ, ಅದಕ್ಕೆ ಬಿಸಿನೀರು ಬೆರೆಸಿ ಕೋರಿ ರೊಟ್ಟಿಯ ಮೇಲೆ ಸುರಿದು ತಿಂದೆವು.